ಗುಡ್ಲೇಕನ ಮಣ್ಣಿನ ಬೀರು

ಗುಡ್ಲೇಕ್ ತೀರಿಕೊಂಡ ಸುದ್ದಿ ಓಡ್ವಾರನಿಗೆ ತಿಳಿದದ್ದು ಫೆರ್ರಿಯ ಮೇಲೆ, ಟಿಕೆಟ್ ಹರಿಯುತ್ತಿರುವಾಗ. ಬೆಳಗಿನ ದೋಣಿ ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳಿನ, ಅಂದರೆ ಫ್ಯೋರ್ಡಿನ, ನಡುನೀರಿಗೆ ಬಂದಿತ್ತು. ಎದುರು ದಡದ ಇಳಿಜಾರಿನಲ್ಲಿ, ಅವನ ಸೋದರಮಾವ ಗುಡ್ಲೇಕನ ಮನೆಯ ಬಾವುಟ ಕಂಬದ ಅರ್ಧಕ್ಕೆ ಇಳಿದು, ಗಾಳಿಯಿಲ್ಲದೆ ಜೋತುಬಿದ್ದಿತ್ತು. ಕೈಯಲ್ಲಿದ್ದ ಟಿಕೆಟನ್ನು ಅರ್ಧ ಹರಿದ ಓಡ್ವಾರ್ ಉಳಿದದ್ದನ್ನು ಹರಿಯಲಾರದೆ ನಿಂತ. ದೋಣಿಯಲ್ಲಿದ್ದ ಗಂಡಸರೆಲ್ಲ ಟೋಪಿ ತೆಗೆದರು. ಹೆಂಗಸರು ತಲೆ ತಗ್ಗಿಸಿದರು.

ಮೊದಲು ಟೋಪಿ ಹಾಕಿಕೊಂಡವನು ಹಾಲ್ದೋರ್. ಗುಡ್ಲೇಕನ ಕೆಳಗಿನ ಹೊಲದವನು, ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನು. ಅವನ ದನಿ ಕಂಚಿನ ಗಂಟೆಯ ಹಾಗೆ.

"ಪುಣ್ಯವಂತ. ನರಳಲಿಲ್ಲ, ನರಳಿಸಲಿಲ್ಲ," ಎಂದ. ಆಮೇಲೆ ಒಂದು ಉಸಿರು ಬಿಟ್ಟು, ದೋಣಿಯವರೆಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟ: "ಈಗ ಬೀರು ಯಾರು ಮಾಡೋದು?"

"ನಾನೇ," ಎಂದ ಓಡ್ವಾರ್.

ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಓಡ್ವಾರನ ದನಿಯೇ ಅಂಥದು. ಯೌವನದಿಂದಲೂ ಅದೇ ಫೆರ್ರಿಯಲ್ಲಿ ಟಿಕೆಟ್ ಹರಿದವನಾದರೂ ಅವನ ಮಾತು ಕೇಳಿದವರು ಕಡಮೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು; ಜನ ಅಂದಾಜಿನ ಮೇಲೆ ಚಿಲ್ಲರೆ ಕೊಡುತ್ತಿದ್ದರು. ಅವನು ಮತ್ತೆ ಮತ್ತೆ ಹೇಳಿದ ಮೇಲೆ ಹಾಲ್ದೋರ್ ಕಿವಿ ಬಗ್ಗಿಸಿ ಕೇಳಿದ.

"ನೀನಾ? ನೀನು ಒಂದು ಲೋಟ ಕಾಫಿ ಕಾಸಿದ್ದನ್ನ ಯಾರಾದ್ರೂ ನೋಡಿದಾರೇನಯ್ಯಾ?"

"ಮಾವ ಹೇಳಿ ಹೋಗಿದಾರೆ."

"ಹಾಗಾದ್ರೆ ಕೊನೇಗೆ ಜ್ವರ ನೆತ್ತಿಗೇರಿತ್ತು ಪಾಪ," ಎಂದು ಹಾಲ್ದೋರ್ ಇನ್ನೊಮ್ಮೆ ಟೋಪಿ ತೆಗೆದ.

ಅವನನ್ನು ತಪ್ಪೆನ್ನುವಂತಿಲ್ಲ. ನಮ್ಮ ಕಣಿವೆಯಲ್ಲಿ ಮನುಷ್ಯ ಸತ್ತರೆ ಅವನನ್ನು ಮಣ್ಣು ಮಾಡಿ ಬಂದು, ಅವನ ಮನೆಯ ಅಂಗಳದಲ್ಲಿ, ಅವನ ಮನೆಯಲ್ಲೇ ಕುದಿಸಿದ ಬೀರನ್ನು ಬಟ್ಟಲಿನಲ್ಲಿ ಕುಡಿದು ಎದ್ದರೇನೇ ಅವನು ಹೋದಂತೆ. ಅದಕ್ಕೆ ಮಣ್ಣಿನ ಬೀರು ಎನ್ನುತ್ತಾರೆ. ಪಾದ್ರಿ ಮರೆತು ಬೇರೆಯವರ ಹೆಸರು ಹೇಳಿ ಪ್ರಾರ್ಥಿಸಿದರೂ ನಮ್ಮವರು ಕ್ಷಮಿಸುತ್ತಾರೆ. ಮಣ್ಣಿನ ಬೀರು ಹುಳಿಯಾಗಿದ್ದರೆ ಮೊಮ್ಮಕ್ಕಳ ಮದುವೆಯಲ್ಲೂ ಅದನ್ನು ನೆನೆಯುತ್ತಾರೆ. ಅದರಲ್ಲೂ ಗುಡ್ಲೇಕನ ಬೀರೆಂದರೆ ಸುತ್ತಿನ ಹಳ್ಳಿಗಳಲ್ಲಿ ಅದರ ಮುಂದೆ ಇನ್ನೊಂದಿರಲಿಲ್ಲ. ಬೀರು ಹುದುಗಲು ಹಾಕುವ ಹೆಪ್ಪನ್ನು ಪ್ರತಿ ಮನೆಯವರೂ ಮರದ ಚೂರುಗಳನ್ನು ಕೋದ ಹಾರದ ಮೇಲೆ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಯಾರ ಮನೆಯ ಹೆಪ್ಪು ಸತ್ತರೂ ಗುಡ್ಲೇಕನ ಬಾಗಿಲಿಗೆ ಬರುತ್ತಿದ್ದರು. ಆ ಮನೆಯವರು ಹೆಪ್ಪು ಕೊಟ್ಟವರೇ ಹೊರತು ತಲೆಮಾರುಗಳಿಂದ ಯಾರ ಬಳಿಯೂ ಬೇಡಿದವರಲ್ಲ.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಗುಡ್ಲೇಕ್ ಸೋದರಳಿಯನ ಕೈ ಹಿಡಿದು ಹೇಳಿದ್ದ: "ನನಗೆ ಮಕ್ಕಳಿಲ್ಲ. ನನ್ನ ಮಣ್ಣಿನ ಬೀರು ನೀನೇ ಮಾಡು. ಮಾಲ್ಟ್ ಅಟ್ಟದ ಮೇಲಿದೆ, ನಾನೇ ಬಾರ್ಲಿ ಮೊಳಕೆ ಕಟ್ಟಿ ಒಣಗಿಸಿದ್ದು. ಹೆಪ್ಪಿನ ಹಾರ ಒಲೆಮನೆಯ ಮೊಳೆ ಮೇಲಿದೆ. ಯಾರ ಹತ್ರಾನೂ ಹೆಪ್ಪು ಬೇಡಬೇಡ. ಹಾರ ಪೀಪಾಯಿಗೆ ಇಳಿಬಿಡುವಾಗ ಜೋರಾಗಿ ಕೂಗು. ಆಮೇಲೆ ಒಳಗೆ ಬಂದು ಪ್ರಾರ್ಥನೆ ಮಾಡು. ಒಲೆಮನೆಗೆ ಮಾತ್ರ ಬೀಗ ಹಾಕಬೇಡ."

"ಬೀಗ ಯಾಕೆ ಬೇಡ ಮಾವ?"

ಗುಡ್ಲೇಕ್ ಕಣ್ಣು ಮುಚ್ಚಿ ನಕ್ಕ. ಅದಕ್ಕೆ ಉತ್ತರ ಹೇಳದೆಯೇ ಹೋದ.

ಬದುಕಿನಲ್ಲಿ ಓಡ್ವಾರನನ್ನು ನಂಬಿ ಯಾರೂ ಏನನ್ನೂ ಒಪ್ಪಿಸಿರಲಿಲ್ಲ. ಇದೊಂದನ್ನು ಒಪ್ಪಿಸಿದವನು ಈಗ ಮುಂದಿನ ಕೋಣೆಯಲ್ಲಿ ಬಿಳಿಯ ಹೊದಿಕೆಯಡಿ ಮಲಗಿದ್ದ. ಮಾವನ ಕೊನೆಯ ಬೀರು ಕೆಡಬಾರದು, ಈ ಮನೆ ಹೆಪ್ಪು ಬೇಡಿತೆಂಬ ಮಾತು ಬರಬಾರದು. ಓಡ್ವಾರನಿಗೆ ಬೇಕಾದದ್ದು ಇಷ್ಟೇ.

ಮಾರನೆಯ ಬೆಳಿಗ್ಗೆ ಅವನು ಅಂಗಳದಾಚೆ ಬೀರು ಕುದಿಸುವ ಒಲೆಮನೆಗೆ ಹೋದ. ಮಾವನ ದೊಡ್ಡ ತಾಮ್ರದ ಹಂಡೆಯೊಳಗೆ ಇಣುಕಿ ನೋಡಿ ಹಿಂದೆ ಸರಿದ. ಅದರಲ್ಲಿ ಅವನೇ ಸ್ನಾನ ಮಾಡಬಹುದಾಗಿತ್ತು. ಕೆಟ್ಟರೆ ಚಿಕ್ಕದರಲ್ಲೇ ಕೆಡಲಿ ಎಂದುಕೊಂಡು, ಜಾಮ್ ಕಾಸುವ ಪಾತ್ರೆಯನ್ನು ಒಲೆಯ ಮೇಲಿಟ್ಟು, ಘಮಕ್ಕೆಂದು ಜೂನಿಪರ್ ಪೊದೆಯ ಕೊಂಬೆಗಳನ್ನು ಹಾಕಿ ನೀರು ಕಾಯಿಸತೊಡಗಿದ.

ಹೊಗೆ ಮೇಲೆದ್ದದ್ದೇ ತಡ, ನೆರೆಯವರು ಬಂದರು. ಸಾವಿನ ಮನೆಗೆ ಬರಿಗೈಯಲ್ಲಿ ಬರುವಂತಿಲ್ಲವಾದ್ದರಿಂದ ಹಾಲ್ದೋರ್ ಕೆನೆಗಂಜಿ ತಂದ. ಮೇಲಿನ ಮನೆಯ ವಿಧವೆ ಸಿಗ್ನೆ ವಾಫಲ್ ತಂದಳು. ಬಡಗಿ ಮೋನ್ಸ್ ಶವಪೆಟ್ಟಿಗೆ ತಂದ. ಮೂವರೂ ಗುಡ್ಲೇಕನ ಹೆಂಡತಿ ರಾಗ್ನಾ ಅತ್ತೆಯ ಕೈ ಹಿಡಿದು ಎರಡು ಮಾತಾಡಿ, ಅತ್ತು, ಕಣ್ಣೊರೆಸಿಕೊಂಡು, ನೇರ ಒಲೆಮನೆಗೆ ಬಂದರು. ಮೂವರೂ ಬೀರು ಮಾಡುವವರೇ. ಮೂವರಿಗೂ ಬೇರೆ ಬೇರೆ ಅಭಿಪ್ರಾಯ.

"ಇದೇನು, ಬೀರಿಗಾ ಮೊಟ್ಟೆ ಬೇಯಿಸೋಕಾ?" ಎಂದಳು ಸಿಗ್ನೆ, ಪಾತ್ರೆಯನ್ನು ನೋಡಿ.

"ಸ್ವಲ್ಪವೇ ಮಾಡೋಣ ಅಂತ. ತಲೆಗೊಂದು ಬಟ್ಟಲು."

"ಗುಡ್ಲೇಕನ ಮಣ್ಣಿಗೆ ತಲೆಗೊಂದು ಬಟ್ಟಲು," ಎಂದ ಹಾಲ್ದೋರ್ ಮೋನ್ಸನ ಕಡೆ ತಿರುಗಿ. "ಪೆಟ್ಟಿಗೇನೂ ಮೊಣಕಾಲಿನವರೆಗೇ ಮಾಡಿದೀಯೇನಪ್ಪಾ?"

"ಕೊಂಬೆ ಯಾವ ಕಡೆಯದು?" ಎಂದು ಸಿಗ್ನೆ ಪಾತ್ರೆಗೆ ಮೂಗು ಒಡ್ಡಿದಳು. "ಬಿಸಿಲ ಕಡೆಯದು ತಾನೇ?"

"ಗೊತ್ತಿಲ್ಲ. ಕತ್ತರಿಸುವಾಗ ಮೋಡ ಇತ್ತು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಓಡ್ವಾರ್ ಯಾರಿಗೂ ಎದುರಾಡಲಿಲ್ಲ. ಒಡೆದ ಮಾಲ್ಟನ್ನು ಮರದ ತೊಟ್ಟಿಗೆ ಸುರಿದ. ಅದರ ಮೇಲೆ ಜೂನಿಪರ್ ಕೊಂಬೆಗಳನ್ನು ಅಂದವಾಗಿ, ಹಾಸಿಗೆ ಹಾಸಿದಂತೆ ಹಾಸಿದ. ಅದರ ಮೇಲೆ ಬಿಸಿನೀರು ಹೊಯ್ದು, ಮುಚ್ಚಿ, ಮಾವನಂತೆ ಎದೆಯ ಮೇಲೆ ಕೈ ಕಟ್ಟಿ ಕುಳಿತ. ಅದೊಂದು ಹೊತ್ತು ಮಾತ್ರ ಆ ದಿನ ಅವನು ನೆಮ್ಮದಿಯಾಗಿದ್ದ. ಕಾಳಿನ ಸಿಹಿ ವಾಸನೆ ಒಲೆಮನೆಯನ್ನು ತುಂಬಿತು. ನೆರೆಯವರು ಕೂಡ ಮೂಗರಳಿಸಿ, "ಮಾಲ್ಟ್ ಮಾತ್ರ ಗುಡ್ಲೇಕನದೇ," ಎಂದರು.

ಆಮೇಲೆ ರಸ ಬಸಿಯಲೆಂದು ತೊಟ್ಟಿಯ ತಳದ ಬಿರಟೆ ತೆಗೆದ. ಒಂದು ಹನಿಯೂ ಬರಲಿಲ್ಲ.

"ಊದು," ಎಂದ ಮೋನ್ಸ್.

ಓಡ್ವಾರ್ ಮಂಡಿಯೂರಿ ತೂತಿಗೆ ಬಾಯಿಟ್ಟು ಊದಿದ. ತೊಟ್ಟಿ ಒಳಗಿನಿಂದ ಒಮ್ಮೆ ಗೊಟಕ್ ಎಂದು, ಒಂದಷ್ಟು ಗಂಜಿಯನ್ನು ಅವನ ಮುಖಕ್ಕೆ ಉಗುಳಿ, ಮತ್ತೆ ಸುಮ್ಮನಾಯಿತು.

"ಕೊಂಬೆ ತಳಕ್ಕೆ ಹಾಸಿದೀಯೋ ಇಲ್ಲವೋ?" ಎಂದಳು ಸಿಗ್ನೆ.

"ತಳಕ್ಕಾ?"

"ಮತ್ತೆ ಸೋಸೋದು ಹೇಗಪ್ಪಾ? ಮೇಲೆ ಹಾಸೋಕೆ ಅದೇನು ಸಮಾಧಿಯಾ, ಹೂವು ಮುಚ್ಚೋಕೆ?"

ಬೇರೆ ದಾರಿಯಿರಲಿಲ್ಲ. ತೊಟ್ಟಿಯಲ್ಲಿದ್ದುದನ್ನೆಲ್ಲ ಮರಿಗೆಗಳಿಗೆ ತೋಡಿ ಬಾಗಿಲ ಹೊರಗೆ ಸಾಲಾಗಿಟ್ಟು, ಓಡ್ವಾರ್ ಒಳಗೆ ತಳದಲ್ಲಿ ಕೊಂಬೆ ಹಾಸತೊಡಗಿದ. ಮೂವರೂ ಅವನ ತಲೆಯ ಮೇಲೆ ಬಾಗಿ, ಕೊಂಬೆಯ ಬುಡ ಗೋಡೆಯ ಕಡೆಗಿರಬೇಕೋ ನಡುವಿಗಿರಬೇಕೋ ಎಂದು ವಾದಿಸುತ್ತಿದ್ದರು. ಅಷ್ಟರಲ್ಲಿ ಗುಡ್ಲೇಕನ ಕುರಿಗಳು, ಸಂತಾಪಕ್ಕೆ ಬಂದವರಂತೆ ತಲೆ ತಗ್ಗಿಸಿಕೊಂಡು, ಒಂದರ ಹಿಂದೆ ಒಂದು ಬಂದವು. ಓಡ್ವಾರ್ ಹೊರಗೆ ಬರುವ ಹೊತ್ತಿಗೆ ಅರ್ಧ ಮಾಲ್ಟ್ ಅವುಗಳ ಹೊಟ್ಟೆಯಲ್ಲಿತ್ತು. ಮುದಿ ಕುರಿಯೊಂದು ಮೂತಿಗೆಲ್ಲ ಸಿಹಿಗಂಜಿ ಅಂಟಿಸಿಕೊಂಡು ಅವನನ್ನೇ ನೋಡುತ್ತ ನಿಂತಿತ್ತು. ಕೃತಜ್ಞತೆಯಿದ್ದ ಮುಖ ಆ ದಿನ ಅದೊಂದೇ.

"ತಲೆಗೆ ಅರ್ಧ ಬಟ್ಟಲಾಯ್ತು," ಎಂದ ಹಾಲ್ದೋರ್.

ಉಳಿದದ್ದು ಹೇಗೋ ಬಸಿಯಿತು. ಕಹಿಗೆಂದು ಹಾಪ್ ಬಳ್ಳಿಯ ಹೂ ಹಾಕಿ ಕುದಿಸಿದ್ದಾಯಿತು. ಎಷ್ಟು ಹೊತ್ತು ಕುದಿಸಬೇಕೆಂಬ ಬಗ್ಗೆ ಹಾಲ್ದೋರನೂ ಸಿಗ್ನೆಯೂ ಮಾತು ಬಿಟ್ಟರು. ಕುದಿದ ರಸವನ್ನು ಪೀಪಾಯಿಗೆ ಸುರಿದರೆ ಪೀಪಾಯಿ ಸೋರಿತು. ಗುಡ್ಲೇಕ್ ಮಲಗಿದಾಗಿನಿಂದ ಅದೂ ಒಣಗಿ ಬಿರುಕು ಬಿಟ್ಟಿತ್ತು. ಮೋನ್ಸ್ ಜೇಬಿನಿಂದ ನಾರಿನ ಹುರಿ ತೆಗೆದು ಬಿರುಕಿಗೆ ಗಿಡಿದ.

"ಪೆಟ್ಟಿಗೆಗೆ ಅಂತ ತಂದಿದ್ದ ನಾರು. ಅವನೇನೂ ಅಂದ್ಕೊಳ್ಳೋದಿಲ್ಲ."

ರಸ ಆರತೊಡಗಿತು. ಈಗ ಹೆಪ್ಪಿಗೆ ತಕ್ಕ ಬಿಸುಪು ಯಾವುದೆಂಬ ಪ್ರಶ್ನೆ ಬಂತು. ಕೂಸಿನ ಸ್ನಾನದ ನೀರಿನಷ್ಟು ಎಂದಳು ಸಿಗ್ನೆ. ಕರೆದ ಹಾಲಿನಷ್ಟು ಎಂದ ಮೋನ್ಸ್. ಬೆರಳು ಅದ್ದಿ ಒಂದು ಚರಣ ಹಾಡುವಷ್ಟು ಹೊತ್ತು ತಡೆಯುವಂತಿರಬೇಕು ಎಂದ ಹಾಲ್ದೋರ್, ಅದ್ದಿ ಹಾಡಿಯೂ ತೋರಿಸಿದ. ಆಗ ಉಳಿದವರೂ ಅದ್ದಿದರು. ಆ ರಸದಲ್ಲಿ ಆ ಹೊತ್ತು ಹಾಪ್‌ಗಿಂತ ಬೆರಳೇ ಹೆಚ್ಚಾಗಿತ್ತು.

ಓಡ್ವಾರ್ ಮೊಳೆಯಿಂದ ಹೆಪ್ಪಿನ ಹಾರವನ್ನು ತೆಗೆದ. ಹೊಗೆ ಹಿಡಿದು ಕಪ್ಪಾಗಿದ್ದ ಆ ಹಾರವನ್ನು ಮೂವರೂ ಮೂಸಿ, ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಒಬ್ಬೊಬ್ಬರೇ ಅವನನ್ನು ಸೌದೆ ರಾಶಿಯ ಮರೆಗೆ ಕರೆದರು.

"ನೋಡು ಮಾರಾಯ," ಎಂದ ಹಾಲ್ದೋರ್, ಇದ್ದ ಗಂಟೆದನಿಯನ್ನು ಆದಷ್ಟು ತಗ್ಗಿಸಿ. "ಅದು ಸೌದೆ. ಹೆಪ್ಪಲ್ಲ. ನಮ್ಮನೇದು ಒಂದು ಚೂರು ತಂದುಕೊಡ್ತೀನಿ. ನರಪಿಳ್ಳೆಗೂ ಹೇಳೋದಿಲ್ಲ."

"ಬೇಡ. ಈ ಮನೆ ಹೆಪ್ಪು ಬೇಡೋದಿಲ್ಲ."

"ನೀನು ಬೇಡಲಿಲ್ಲಪ್ಪಾ. ನಾನೇ ಕೊಡ್ತಿದೀನಿ."

"ಬೇಡ."

ಸಿಗ್ನೆಗೂ ಹಾಗೆಯೇ ಹೇಳಿದ, ಮೋನ್ಸನಿಗೂ ಹಾಗೆಯೇ ಹೇಳಿದ. ಅವನು ಅಷ್ಟು ಗಟ್ಟಿಯಾಗಿ ನಿಂತದ್ದನ್ನು ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. "ಗುಡ್ಲೇಕನ ರಕ್ತವೇ," ಎಂದು ಸಿಗ್ನೆ ಗೊಣಗಿದಳು. "ಅವನ ತಲೆ ಮಾತ್ರ ಬರಲಿಲ್ಲ."

ಇನ್ನು ಉಳಿದದ್ದು ಕೂಗು. ಹೆಪ್ಪು ಹಾಕುವಾಗ ಪೀಪಾಯಿಯೊಳಗೆ ಮುಖವಿಟ್ಟು ಕೂಗಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೂಗಿದರೆ ಹೆಪ್ಪು ಎಚ್ಚರಗೊಳ್ಳುತ್ತದೆ, ಕೆಟ್ಟದ್ದು ಓಡಿಹೋಗುತ್ತದೆ. ಕೂಗು ಎಷ್ಟು ದೊಡ್ಡದೋ ಬೀರು ಅಷ್ಟು ಗಟ್ಟಿ. ಗುಡ್ಲೇಕ್ ಕೂಗಿದರೆ ಫ್ಯೋರ್ಡಿನ ಆಚೆ ದಡದ ನಾಯಿಗಳು ಬೊಗಳುತ್ತಿದ್ದವು. ಆದರೆ ಹೆಣವಿರುವ ಮನೆಯಲ್ಲಿ ಬಾಗಿಲು ಕೂಡ ಸದ್ದಾಗದಂತೆ ಮುಚ್ಚಬೇಕು. ಓಡ್ವಾರ್ ಹೋಗಿ ಅತ್ತೆಯನ್ನು ಕೇಳಿದ.

"ಕೂಗಪ್ಪಾ," ಎಂದಳು ರಾಗ್ನಾ ಅತ್ತೆ. "ಕೂಗದೆ ಇದ್ರೇನೇ ಅವರಿಗೆ ಬೇಜಾರು."

ಓಡ್ವಾರ್ ಹಾರವನ್ನು ಕೈಯಲ್ಲಿ ಹಿಡಿದು ಪೀಪಾಯಿಯ ಮೇಲೆ ಬಾಗಿದ. ಕೂಗಿದ.

"ಆಯ್ತಾ?" ಎಂದ ಮೋನ್ಸ್.

"ಕೂಗಿದೆ."

"ಟಿಕೆಟ್ ಕೇಳಿದ ಹಾಗಾಯ್ತು. ಹೆಪ್ಪು ಚಿಲ್ಲರೆ ಹುಡುಕ್ತಿರಬೇಕು."

ಇನ್ನೊಮ್ಮೆ ಕೂಗಿದ. ಒಲೆಯ ಬಳಿ ಮಲಗಿದ್ದ ಬೆಕ್ಕು ಒಂದು ಕಿವಿಯನ್ನು ಅಲ್ಲಾಡಿಸಿ ಮತ್ತೆ ನಿದ್ದೆ ಹೋಯಿತು.

"ಪೆಟ್ಟಿಗೆ ಒಳಗಿರೋನಿಗೆ ಕೇಳಿಸ್ಬೇಕು ಕಣೋ," ಎಂದ ಹಾಲ್ದೋರ್. "ಅವನು ಅಲ್ಲಿ ಕಾಯ್ತಿದಾನೆ."

ಹಾಲ್ದೋರ್ ಅಂದದ್ದು ಹಾಸ್ಯಕ್ಕೆ. ಆದರೆ ಓಡ್ವಾರನಿಗೆ ಪೀಪಾಯಿಯ ಕಪ್ಪು ರಸದಲ್ಲಿ ತನ್ನ ಮುಖ ಕಂಡಿತು. ಅದರ ಗಲ್ಲ ಮಾವನದೇ. ಬಾವುಟ ಇಳಿದದ್ದನ್ನು ಕಂಡಾಗಿನಿಂದ ಅವನು ಅತ್ತಿರಲಿಲ್ಲ. ಅಳುವುದಕ್ಕೆ ಯಾರೂ ಬಿಡುವು ಕೊಟ್ಟಿರಲಿಲ್ಲ. ಈಗ ಬಾಯಿ ತೆರೆದದ್ದೊಂದೇ ಅವನಿಗೆ ಗೊತ್ತು. ಹೊರಬಂದ ಕೂಗಿಗೆ ಹಾಲ್ದೋರ್ ಗೋಡೆಗೆ ಒರಗಿದ. ಸಿಗ್ನೆ ಎದೆ ಹಿಡಿದುಕೊಂಡಳು. ಕುರಿಗಳು ದಿಬ್ಬ ಹತ್ತಿ ಓಡಿದವು. ಆಚೆ ದಡದಲ್ಲಿ ನಾಯಿಗಳು ಬೊಗಳಿದವು. ಕೂಗು ಮುಗಿಯುವ ಹೊತ್ತಿಗೆ ಅದು ಅಳುವಾಗಿತ್ತು.

ಸರಿಯಾಗಿ ಆಗಲೇ ಪಾದ್ರಿ ಗೇಟು ತೆರೆದು ಬರುತ್ತಿದ್ದರು. ರಾಜಧಾನಿ ಓಸ್ಲೋದವರು, ಕಣಿವೆಗೆ ಹೊಸಬರು. ಪೀಪಾಯಿಗೆ ಕೂಗುವುದನ್ನು ಕೇಳಿದವರಲ್ಲ. ಅವರು ಓಡಿಬಂದು ಓಡ್ವಾರನ ಎರಡು ಕೈಗಳಿಗೂ ಕೈ ಚಾಚಿದರು.

"ತಡೀಬೇಡಿ, ಅತ್ತುಬಿಡಿ," ಎಂದರು. ಅವರ ಕಣ್ಣಲ್ಲೂ ನೀರು. "ಈ ಊರಿಗೆ ಬಂದಾಗಿನಿಂದ ಎಷ್ಟು ಸಾವು ನೋಡಿದೆ. ಎಲ್ಲರೂ ಕಲ್ಲಿನ ಹಾಗೆ ಕೂತಿರ್ತಾರೆ. ಇಷ್ಟು ನಿಜವಾದ ದುಃಖ ಇದೇ ಮೊದಲು ನೋಡ್ತಿರೋದು. ಬನ್ನಿ, ಈಗಲೇ ಪ್ರಾರ್ಥನೆ ಮಾಡೋಣ. ಎಲ್ಲರೂ ಬನ್ನಿ."

ಪಾದ್ರಿ ಕೈ ಚಾಚಿದಾಗ ಕೈ ಕೊಡದಿರುವುದು ಹೇಗೆ? ಓಡ್ವಾರ್ ಕೈಯಲ್ಲಿದ್ದುದನ್ನು ಅಲ್ಲೇ ತೂಗುಹಾಕಿ ಕೈ ಕೊಟ್ಟ. ಅವರು ಅವನನ್ನು ಕೈ ಹಿಡಿದೇ ಒಳಗೆ ಕರೆದೊಯ್ದರು. ಮಾವನ ಮಾತು ನೆನಪಾಗಿ ಅವನು ಒಲೆಮನೆಯ ಬಾಗಿಲನ್ನು ಹಾಗೆಯೇ ಬಿಟ್ಟ.

ಪ್ರಾರ್ಥನೆ ದೀರ್ಘವಾಗಿತ್ತು. ನೆರೆಯವರ ನಡತೆ ಮಾತ್ರ ಓಡ್ವಾರನ ಮನಸ್ಸಿಗೆ ನೋವು ತಂದಿತು. ಮೊದಲ ಕೀರ್ತನೆ ಮುಗಿಯುತ್ತಲೇ ಹಾಲ್ದೋರನಿಗೆ ಕೆಮ್ಮು ಬಂತು. ಹೊರಗೆ ಹೋಗಿ ಬಂದ. ಬೈಬಲ್ ಓದುವಾಗ ಸಿಗ್ನೆ ಹಾಲು ಉಕ್ಕೀತೆಂದು ಎದ್ದುಹೋದಳು. ಒಲೆಯ ಮೇಲೆ ಹಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದಾಗ ಮೋನ್ಸ್ ಮೊಳೆ ಮರೆತೆನೆಂದು ಪಿಸುಗುಟ್ಟಿ ಹೋದ. ಸತ್ತವನ ಮುಂದೆ ಅಷ್ಟು ಹೊತ್ತು ಕೂರಲಾರದ ಇವರೂ ನೆರೆಯವರೇ ಎಂದುಕೊಂಡ ಓಡ್ವಾರ್. ರಾಗ್ನಾ ಅತ್ತೆ ಕಣ್ಣು ಮುಚ್ಚಿಕೊಂಡೇ, ಒಬ್ಬೊಬ್ಬರು ಎದ್ದಾಗಲೂ ಮೆಲ್ಲಗೆ ತಲೆಯಾಡಿಸುತ್ತಿದ್ದಳು. ದುಃಖವಿರಬೇಕು ಎಂದು ಅವನೆಣಿಸಿದ.

ಪ್ರಾರ್ಥನೆ ಮುಗಿದಾಗ ಪೀಪಾಯಿಯ ಮೇಲೆ ಬಟ್ಟೆ ಮುಚ್ಚಿತ್ತು. ಯಾರೋ ಮುಚ್ಚಿದ್ದರು. ದಣಿದಿದ್ದ ಓಡ್ವಾರ್ ಅದನ್ನು ತೆಗೆದು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಒಲೆಮನೆಗೆ ಹೋದವನು ಬಾಗಿಲಲ್ಲೇ ನಿಂತ. ಹೆಪ್ಪಿನ ಹಾರ ಮೊಳೆಯ ಮೇಲೆ ತೂಗುತ್ತಿತ್ತು. ಒಣಗಿದ್ದು ಒಣಗಿದಂತೆಯೇ, ಒಂದು ಹನಿ ತಾಗಿರಲಿಲ್ಲ. ಪಾದ್ರಿಗೆ ಕೈ ಕೊಡುವ ಗಡಿಬಿಡಿಯಲ್ಲಿ ಅದನ್ನು ಪೀಪಾಯಿಗೆ ಬಿಡದೆ ಮೊಳೆಗೇ ಹಾಕಿಬಿಟ್ಟಿದ್ದ. ಕೂಗಿದ್ದಷ್ಟೇ ಅವನು, ಹೆಪ್ಪು ಹಾಕಿರಲೇ ಇಲ್ಲ.

ಆಗ ಪೀಪಾಯಿಯಿಂದ ಸದ್ದು ಕೇಳಿಸಿತು. ಬಟ್ಟೆ ತೆಗೆದು ನೋಡಿದರೆ ನೊರೆ ಅಂಚಿನವರೆಗೆ ಬಂದು, ಗುಳುಗುಳು ಎನ್ನುತ್ತ, ಉಬ್ಬಿ, ಒಡೆದು, ಮತ್ತೆ ಉಬ್ಬುತ್ತಿತ್ತು. ಹೆಪ್ಪಿಲ್ಲದೆ ಹುದುಗಿದ ಬೀರು. ಓಡ್ವಾರ್ ಅಲ್ಲೇ ಮಂಡಿಯೂರಿದ. ಬೀಗ ಹಾಕಬೇಡವೆಂದು ಮಾವ ಯಾಕೆ ಹೇಳಿದನೆಂದು ಅವನಿಗೀಗ ತಿಳಿಯಿತು: ಬಂದು ಹೋಗಲು ಅವನ ಆತ್ಮಕ್ಕೇ ದಾರಿ ಬೇಕಿತ್ತು. ಈ ಮಾತನ್ನು ಯಾರಿಗೂ ಹೇಳಬಾರದೆಂದುಕೊಂಡು, ಕಣ್ಣೊರೆಸಿಕೊಂಡು, ಬಟ್ಟೆಯನ್ನು ಮತ್ತೆ ಮುಚ್ಚಿದ.

ಮಣ್ಣಾದ ದಿನ ಅಂಗಳದಲ್ಲಿ ಮೇಜುಗಳನ್ನು ಹಾಕಿದ್ದರು. ಅರ್ಧರ್ಧ ಬಟ್ಟಲು ಬೀರು ಎಲ್ಲರ ಮುಂದೆ ಬಂತು. ಜನ ಮೊದಲು ಮೂಸಿದರು, ಆಮೇಲೆ ತುಟಿಗಿಟ್ಟರು. ಓಡ್ವಾರ್ ಬಾಗಿಲ ಹಿಂದೆ ನಿಂತು ಅವರ ಗಂಟಲನ್ನೇ ನೋಡುತ್ತಿದ್ದ.

ಹಾಲ್ದೋರ್ ಎದ್ದುನಿಂತ. "ಇದು ಗುಡ್ಲೇಕನ ಬೀರು," ಎಂದ. "ಅವನ ಕೈ ಹೋಗಿಲ್ಲ. ಆ ಕೈ ಇಲ್ಲಿದೆ." ಹಾಗೆಂದು ಬಾಗಿಲ ಹಿಂದಿನಿಂದ ಓಡ್ವಾರನನ್ನು ಎಳೆದು ಎಲ್ಲರ ಮುಂದೆ ನಿಲ್ಲಿಸಿದ. ಮುದುಕರು ಎದ್ದುಬಂದು ಅವನ ಭುಜ ತಟ್ಟಿದರು. ಬದುಕಿನಲ್ಲಿ ಅವನ ಭುಜದ ಮೇಲೆ ಅಷ್ಟು ಕೈಗಳು ಬಿದ್ದದ್ದು ಅದೇ ಮೊದಲು.

ಜನ ಕೂತ ಮೇಲೆ ಹಾಲ್ದೋರ್ ಅವನನ್ನು ಸೌದೆ ರಾಶಿಯ ಮರೆಗೆ ಕರೆದ.

"ಒಂದು ಮಾತು. ನೀನೇನೂ ತಪ್ಪು ತಿಳೀಬೇಡ. ಅವತ್ತು ಪ್ರಾರ್ಥನೆ ಹೊತ್ತಲ್ಲಿ ನಾನು ಕೆಮ್ಮಿಕೊಂಡು ಹೊರಗೆ ಹೋದೆ ನೋಡು. ಜೇಬಲ್ಲಿ ನಮ್ಮನೇ ಹೆಪ್ಪು ಇತ್ತು. ಗುಡ್ಲೇಕನ ಮಾನ ಹೋಗೋದನ್ನ ನೋಡೋಕಾಗಲಿಲ್ಲ. ಇದು ನಿನ್ನಲ್ಲೇ ಇರಲಿ."

ಅಲ್ಲಿಂದ ಹೊರಟವನನ್ನು ಸಿಗ್ನೆ ಬಾವಿಯ ಬಳಿ ಹಿಡಿದಳು. "ಹಾಲೂ ಇಲ್ಲ ಏನೂ ಇಲ್ಲ ಕಣಪ್ಪಾ. ನಮ್ಮ ಹೆಪ್ಪು ಒಂದು ಚಮಚ. ಸತ್ತವನ ಮೇಲಿನ ಪ್ರೀತಿಗೆ. ಆ ಹಾಲ್ದೋರನಿಗೆ ಮಾತ್ರ ಹೇಳ್ಬೇಡ." ಮೋನ್ಸ್ ಕುರಿಕೊಟ್ಟಿಗೆಯ ಹತ್ತಿರ ಸಿಕ್ಕಿ ಹೇಳಿದ್ದೂ ಅದನ್ನೇ, ಅವನು ಹೆಪ್ಪನ್ನು ಮೊಳೆಯ ಡಬ್ಬಿಯಲ್ಲಿ ತಂದಿದ್ದ.

ಮಾವನ ಆತ್ಮ ಬಂದು ಹೋಯಿತೆಂದು ತಿಳಿದಿದ್ದವನಿಗೆ, ಬಂದದ್ದು ಕೆಮ್ಮು, ಹಾಲು, ಮೊಳೆ ಎಂದು ಈಗ ಗೊತ್ತಾಯಿತು. ಹೋಗಲಿ, ಬೀರಂತೂ ಕೆಡಲಿಲ್ಲ, ಬೇಡಿದ್ದಂತೂ ಇಲ್ಲ ಎಂದುಕೊಂಡು ಅಂಗಳಕ್ಕೆ ಬಂದ. ಅಲ್ಲಿ ಜನ ಪೀಪಾಯಿಯ ಸುತ್ತ ಜಾಡಿ ಹಿಡಿದು ನಿಂತಿದ್ದರು. ಬೀರು ಒಳ್ಳೆಯದಾದರೆ ಅದರ ತಳದ ಹೆಪ್ಪನ್ನು ಕೇಳುವುದು ಪದ್ಧತಿ, ಇಲ್ಲವೆನ್ನದಿರುವುದು ಆ ಮನೆಯ ಪದ್ಧತಿ. ರಾಗ್ನಾ ಅತ್ತೆ ಕೆರೆಕೆರೆದು ಕೊಡುತ್ತಿದ್ದಳು. ಹಾಲ್ದೋರ್ ಒಂದು ಜಾಡಿ ಒಯ್ದ, ಸಿಗ್ನೆ ಒಂದು, ಮೋನ್ಸ್ ಮೊಳೆಯ ಡಬ್ಬಿ ತುಂಬ. ಮಾಡಿದ್ದೇ ಚಿಕ್ಕ ಪೀಪಾಯಿ. ಕೊನೆಯ ಚಮಚ ರೊಟ್ಟಿಗೆ ಹಾಕಲೆಂದು ಪಾದ್ರಿಯ ಹೆಂಡತಿಯ ಪಾಲಾಯಿತು. ಆಮೇಲೆ ಅತ್ತೆ ಪೀಪಾಯಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಕವುಚಿದಳು.

ಹೊರಡುವಾಗ ಹಾಲ್ದೋರ್ ಎಲ್ಲರಿಗೂ ಕೇಳುವಂತೆ ಹೇಳಿದ: "ಕ್ರಿಸ್ಮಸ್‌ಗೆ ಬಿಷಪ್ ಬರ್ತಿದಾರೆ. ಬೀರು ಓಡ್ವಾರನದು. ಈ ಸಲ ಜಾಮ್ ಪಾತ್ರೆ ಅಲ್ಲ, ದೊಡ್ಡ ಹಂಡೆ. ಮತ್ತೆ ಎಲ್ಲರೂ ಕೇಳಿ, ಅವತ್ತು ಯಾರೂ ಇವನ ಒಲೆಮನೆ ಕಡೆ ತಲೆ ಹಾಕ್ಬಾರದು. ಕಸುಬುದಾರನನ್ನ ಅವನ ಪಾಡಿಗೆ ಬಿಡ್ಬೇಕು."

"ನಾನಂತೂ ದಿಬ್ಬ ಇಳಿಯೋದೇ ಇಲ್ಲ," ಎಂದಳು ಸಿಗ್ನೆ.

ಎಲ್ಲರೂ ಹೋದ ಮೇಲೆ ಓಡ್ವಾರ್ ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಬಟ್ಟಲು ಒರೆಸುತ್ತ ಕೇಳಿದಳು.

"ಪರವಾಗಿಲ್ಲ ಅತ್ತೆ," ಎಂದ ಕೊನೆಗೆ. "ಮಾವನ ಹಾರ ಇದೆಯಲ್ಲ. ಕ್ರಿಸ್ಮಸ್‌ಗೆ ಅದನ್ನ ಮರೀದೆ ಹಾಕ್ತೀನಿ."

"ಅದು ಸತ್ತು ಯಾವ ಕಾಲವಾಯ್ತೋ," ಎಂದಳು ಅತ್ತೆ. "ನಮ್ಮ ಮದುವೆಯಾದ ಹೊಸತರಲ್ಲಿ ಒಲೆಗೆ ಹತ್ರ ಕಟ್ಟಿ ಸುಟ್ಟುಬಿಟ್ರು. ಬೇಡೋಕೆ ಅಭಿಮಾನ. ಅದಕ್ಕೆ ಪ್ರತಿ ಸಲ ಬೀರು ಕುದಿಸೋ ದಿನ ಮನೆಮನೆಗೆ ಹೋಗೋರು.‌ 'ಈ ವರ್ಷ ಯಾಕೋ ನನ್ನ ಹೆಪ್ಪು ಸೊರಗಿದ ಹಾಗಿದೆ, ಯಾರಿಗೂ ಹೇಳ್ಬೇಡ' ಅನ್ನೋರು. ಕೂಗೋರು. ಆಮೇಲೆ ಒಳಗೆ ಬಂದು ಪ್ರಾರ್ಥನೆಗೆ ಕೂರೋರು, ಬಾಗಿಲು ತೆಗೆದಿಟ್ಟು."

"ಅಂದ್ರೆ ಮಾವನ ಬೀರು?"

"ಊರಿನ ಬೀರು ಕಣಪ್ಪಾ ಅದು. ಕೂಗು ಮಾತ್ರ ಅವರದು."

ಓಡ್ವಾರ್ ಎದ್ದವನೇ ಇಳಿಜಾರಿನಲ್ಲಿ ಓಡಿದ. ಹಾಲ್ದೋರ್ ಇನ್ನೂ ತನ್ನ ಗೇಟಿನ ಬಳಿ ಇದ್ದ, ಜಾಡಿಯನ್ನು ಎದೆಗವಚಿಕೊಂಡು.

"ಹಾಲ್ದೋರ್, ಯಾರಿಗೂ ಹೇಳ್ಬೇಡ," ಎಂದ ಓಡ್ವಾರ್ ಏದುಸಿರು ಬಿಡುತ್ತ. "ಯಾಕೋ ನನ್ನ ಹೆಪ್ಪು ಸೊರಗಿದ ಹಾಗಿದೆ."

ಹಾಲ್ದೋರ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಈ ಮಾತನ್ನ ಗುಡ್ಲೇಕ್ ಅಂದ್ರೆ ಅಯ್ಯೋ ಅನ್ನಿಸ್ತಿತ್ತು. ನೀನು ಅಂದ್ರೆ ಜಂಬ ಅನ್ನಿಸ್ತದೆ. ಸೊರಗೋದು ಹೇಗಪ್ಪಾ? ಅದರಲ್ಲಿರೋದು ನನ್ನ ಹೆಪ್ಪು." ಹಾಗೆಂದು ಗೇಟು ಮುಚ್ಚಿ ಒಳಗೆ ಹೋದ.

ಓಡ್ವಾರ್ ಸಿಗ್ನೆಯ ಮನೆಗೂ ಮೋನ್ಸನ ಮನೆಗೂ ಹೋಗಲಿಲ್ಲ. ಹೋಗಿ ಒಲೆಮನೆಯಲ್ಲಿ ನಿಂತ. ಮೊಳೆಯ ಮೇಲೆ ಕಪ್ಪು ಹಾರ, ಮೂಲೆಯಲ್ಲಿ ದೊಡ್ಡ ಹಂಡೆ. ಹಿಂದಿನಿಂದ ರಾಗ್ನಾ ಅತ್ತೆ ಶಾಲು ಹೊದ್ದು ಬಂದಳು. ಗಂಡ ಕೂರುತ್ತಿದ್ದ ಬೆಂಚಿನ ಧೂಳನ್ನು ಅಂಗೈಯಿಂದ ಒರೆಸಿ ಕುಳಿತಳು. ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ದಿನವೂ ಅವಳು ಅತ್ತಿರಲಿಲ್ಲ. ಓಡ್ವಾರ್ ಅವಳ ಪಕ್ಕದಲ್ಲಿ ಕುಳಿತು ಕೈ ಜೋಡಿಸಿದ. ದನಿ ಎಂದಿನಂತೆ ಸಣ್ಣದಾಗಿತ್ತು, ಆದರೆ ಅತ್ತೆಗೆ ಕೇಳಿಸಿತು.

"ಕರ್ತನೇ, ನಿನ್ನ ದಾಸ ಗುಡ್ಲೇಕನ ಆತ್ಮಕ್ಕೆ ಶಾಂತಿ ಕೊಡು. ಅವನು ಯಾರನ್ನೂ ಏನೂ ಬೇಡಿದವನಲ್ಲ. ನಿನ್ನ ಬಾಗಿಲಲ್ಲೂ ಸುಮ್ಮನೆ ನಿಂತಿರುತ್ತಾನೆ. ಬದುಕಿರುವ ತನಕ ಅವನು ಬಾಗಿಲಿಗೆ ಬೀಗ ಹಾಕಲಿಲ್ಲ. ನೀನೂ ಹಾಕಬೇಡ. ಆಮೆನ್."